ಈರಪ್ಪ ಮುಂದೆ ಹೋದದ್ದು

ಇವತ್ತು ಬೆಳಿಗ್ಗೆ ನಮ್ಮ ಮನೆಯವಳು ಅಟ್ಟದ ಮೇಲಿದ್ದ ನನ್ನ ಸೈಕಲ್ ಚೀಲವನ್ನು ಕೆಳಗಿಳಿಸಿದಳು. ಹಪ್ಪಳ ತುಂಬಿಡಲು ಬರುತ್ತದೆಂದು ಅವಳ ಲೆಕ್ಕ. ಅಂಗಳಕ್ಕೆ ತಂದು ಬೋರಲು ಹಾಕಿ ಜಾಡಿಸಿದಾಗ ಆಗಷ್ಟೇ ಸಾರಿಸಿದ ನೆಲದ ಮೇಲೆ ಒಂದು ಹಿಡಿ ಕರಿ ಉಸುಕು ಬಿತ್ತು.

"ಇದೆಲ್ಲಿಂದ ಹೊತ್ಕೊಂಡ ಬಂದೀರಿ?" ಎಂದಳು.

"ನೇಪಾಳದ್ದು."

"ಮಂದಿ ಫಾರಿನ್ನಿಂದ ಬಂಗಾರ ತರತಾರ, ನೀವ್ ಉಸುಕ ತಂದೀರಿ," ಎಂದು ಕಸಬರಿಗೆ ಎತ್ತಿಕೊಂಡಳು. ನಾನು ಚಹಾದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕೂತೆ. ಕೂತವನಿಗೆ ಈರಪ್ಪನ ನೆನಪಾಯಿತು. ಅವನೇನು ದೂರದವನಲ್ಲ, ಇದೇ ಸವದತ್ತಿಯಲ್ಲಿ ಎರಡು ಓಣಿಯಾಚೆ ಇದ್ದಾನೆ. ಆದರೆ ಎದುರಿಗಿದ್ದವರನ್ನೂ ನೆನಪು ಮಾಡಿಕೊಳ್ಳಬೇಕಾದ ಹೊತ್ತು ಬರುತ್ತದೆ ನೋಡಿ, ಅಂಥದ್ದು.

ಮೊದಲು ಒಂದು ಮಾತು ಇತ್ಯರ್ಥವಾಗಬೇಕು. ನಮ್ಮಲ್ಲಿ ಬಹಳ ಮಂದಿ ನೇಪಾಳವನ್ನು ವಿದೇಶವೆಂದು ಒಪ್ಪುವುದಿಲ್ಲ. "ಪಾಸ್‌ಪೋರ್ಟ ಬ್ಯಾಡಂದ್ರ ಅದೆಂಥಾ ಫಾರಿನ್ರಿ ಮಾಸ್ತರ? ಗೋವಾಕ ಹೋಗಿ ಬಂದಂಗ ಆತು," ಎಂದು ನಮ್ಮ ಪಕ್ಕದ ಮನೆಯವರು ನನ್ನ ಉತ್ಸಾಹಕ್ಕೆ ತಣ್ಣೀರು ಎರಚಿದ್ದರು. ಗಡಿಯಿದೆ, ಬೇರೆ ನೋಟಿದೆ, ಗಡಿಯಾರವೂ ನಮಗಿಂತ ಕಾಲು ಗಂಟೆ ಮುಂದಿದೆ ಎಂದು ವಾದಿಸಿದವನು ಗಂಗಾಧರ. ಅವನು ಕಿತ್ತೂರಿನವನು, ಬೈಲಹೊಂಗಲದಲ್ಲಿ ವಕೀಲ. ವಾದ ಮಾಡುವುದು ಅವನ ಕಸುಬು, ಸೈಕಲ್ ಹೊಡೆಯುವುದು ಅವನ ಹುಚ್ಚು. ಎರಡರಲ್ಲೂ ಅವನು ಮುಂದೆ.

ನಡುವೆ ನಾನು. ಗಣಿತ ಕಲಿಸಿ ನಿವೃತ್ತನಾದ ಮೇಲೆ, ಹೊಟ್ಟೆ ಕರಗಲಿ ಎಂದು ಗೇರಿನ ದಪ್ಪ ಟೈರಿನ ಸೈಕಲ್ ಕೊಂಡವನು. ಹೊಟ್ಟೆ ಇದ್ದಲ್ಲೇ ಇದೆ, ಸೈಕಲ್ ಮಾತ್ರ ಸವೆದಿದೆ. ನಮ್ಮಿಬ್ಬರ ಹಿಂದೆ ಈರಪ್ಪ. ಊರು ಉಗರಗೋಳ, ಸವದತ್ತಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ವಯಸ್ಸಿನಲ್ಲಿ ನಮಗಿಂತ ಹಿರಿಯನಾದ್ದರಿಂದ ನಾವು ಈರಪ್ಪಣ್ಣ ಎನ್ನುತ್ತಿದ್ದೆವು. ಮೂವರೂ ಭಾನುವಾರ ನವಿಲುತೀರ್ಥಕ್ಕೋ ರಾಮದುರ್ಗದ ಕಡೆಗೋ ಹೋಗಿಬರುತ್ತಿದ್ದೆವು. ಗುಡ್ಡದ ಏರು ಬಂದರೆ ನಮ್ಮಿಬ್ಬರಿಗೂ ನಾಲಿಗೆ ಹೊರಗೆ. ಈರಪ್ಪನಿಗೆ ಏದುಸಿರೂ ಇಲ್ಲ. ಮನಸ್ಸು ಮಾಡಿದ್ದರೆ ನಮ್ಮನ್ನು ಹಿಂದೆ ಹಾಕಿ ಎರಡು ಚಹಾ ಕುಡಿದು ಕೂರಬಲ್ಲವನು. ಆದರೂ ಅವನು ಯಾವಾಗಲೂ ಕಡೆಗೇ ಇರುತ್ತಿದ್ದ.

ಅದು ಅವರ ಮನೆತನದ ರೂಢಿ. ಅವನ ಅಪ್ಪನ ಕಾಲದಲ್ಲಿ ಉಗರಗೋಳದಿಂದ ಬೈಲಹೊಂಗಲ ಪೇಟೆಗೆ ಹತ್ತಿ ತುಂಬಿದ ಚಕ್ಕಡಿಗಳು ಸಾಲು ಹಿಡಿದು ಹೋಗುತ್ತಿದ್ದವಂತೆ. ಎಲ್ಲಕ್ಕಿಂತ ಗಟ್ಟಿ ಎತ್ತು, ಎಲ್ಲಕ್ಕಿಂತ ನೆಚ್ಚಿನ ಮನುಷ್ಯ ಕಡೆಯ ಗಾಡಿಗೆ. ಯಾಕೆಂದರೆ ಹತ್ತಿ ಕಳುವಾಗುವುದು ಹಿಂದಿನಿಂದ, ಮುಂದಿನ ಗಾಡಿಯ ಗಾಲಿ ಕಳಚಿದರೆ ನೋಡುವವನೂ ಹಿಂದಿನವನೇ. ಆ ಕಡೆಯ ಗಾಡಿ ಈರಪ್ಪನ ಅಪ್ಪನದು. "ಮುಂದಿನಾಂವ ದಾರಿ ನೋಡತಾನ, ಹಿಂದಿನಾಂವ ಮಂದೀನ ನೋಡತಾನ," ಎಂದು ಈರಪ್ಪ ಹೇಳುತ್ತಿದ್ದ. ನಾವೂ ವಾದಿಸಲಿಲ್ಲ. ಪಂಕ್ಚರ್ ಆದರೆ ಹಿಂದೆ ಈರಪ್ಪಣ್ಣ ಇದ್ದಾನಲ್ಲ ಎಂಬುದು ನಮಗೂ ಹಾಯಾಗಿತ್ತು.

ಆಮೇಲೆ ಅವನ ಕಣ್ಣಿನ ವಿಷಯ ಗೊತ್ತಾಯಿತು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಸಾಯುವ ರೋಗ. ಬದಿಯ ನೋಟ, ಅದರಲ್ಲೂ ಎಡಗಡೆಯದು, ಆಗಲೇ ಹೋಗಿತ್ತು. ನೆಟ್ಟಗೆ ನೋಡಿದಷ್ಟು ಮಾತ್ರ ಕಾಣುತ್ತಿತ್ತು. ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ, ಔಷಧದಿಂದ ತಡ ಮಾಡಬಹುದು, ತಡೆಯಲಾಗುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಈರಪ್ಪ ಅದನ್ನು ಗೊಬ್ಬರದ ರೇಟು ಏರಿದ ಸುದ್ದಿಯಂತೆ ನಮಗೆ ಹೇಳಿ, "ಒಮ್ಮಿ ಹಿಮದ ಗುಡ್ಡ ನೋಡಬೇಕಂತ ಭಾಳ ದಿವಸದ ಆಸೆ ಐತ್ರಿ. ಹೋಗೂಣೇನು?" ಎಂದ. ಹಾಗೆ ಹೊರಟದ್ದು ನೇಪಾಳ. ಗುಡ್ಡದ ಹಾದಿಯಲ್ಲಿ ಸೈಕಲ್ ಮೇಲೆ.

ಹೊರಡುವ ಹಿಂದಿನ ದಿನ ಅವನ ಹೆಂಡತಿ ಶಾಂತಕ್ಕ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ನಮ್ಮ ಮನೆಗೆ ಬಂದರು. ಈರಪ್ಪ ಜೊತೆಗಿರಲಿಲ್ಲ.

"ಮಾಸ್ತರ, ಹೋಗಿ ಬರ್ರಿ, ನಾ ಬ್ಯಾಡನ್ನೂದಿಲ್ಲ. ಕಣ್ಣ ಇದ್ದಾಗ ನೋಡಿ ಬರ್ಲಿ. ಆದ್ರ ಅವರನ್ನ ಹಿಂದ ಬಿಡಬ್ಯಾಡ್ರಿ. ಅವರಿಗೆ ಈಗ ಕಾಣೂದ ಎದರಿಗಿಂದ ಒಂದ. ಎದರಿಗೆ ನಿಮ್ಮ ಬೆನ್ನ ಇದ್ರ ಏನ ನೋಡಿ ಬರತಾರು? ನಿಮ್ಮ ಬೆನ್ನ ನೋಡಾಕ ಅಷ್ಟ ದೂರ ಯಾಕ ಹೋಗಬೇಕು?"

ನನ್ನ ಬೆನ್ನಿನ ಅಗಲ ನನಗೆ ಗೊತ್ತಿದ್ದರಿಂದ ನಾನು ತಲೆಯಾಡಿಸಿದೆ. ಮಾತು ಕೊಟ್ಟುಬಿಟ್ಟೆ.

ಕೊಟ್ಟದ್ದು ಸುಲಭ, ನಡೆಸುವುದು ಕಷ್ಟ. ಪೋಖರಾದಲ್ಲಿ ಸೈಕಲ್ ಬಾಡಿಗೆಗೆ ಹಿಡಿದು ಜೋಮ್‌ಸೋಮ್ ಎಂಬ ಊರು ಮುಟ್ಟಿದೆವು. ಅಲ್ಲಿಂದ ಕಾಳಿ ಗಂಡಕಿ ನದಿಯ ಪಾತ್ರದಗುಂಟ ದಾರಿ. ನದಿಯ ಉಸುಕು ಕಪ್ಪು, ಗಾಳಿ ಮನುಷ್ಯನನ್ನು ಎತ್ತಿ ಒಗೆಯುವಂಥದು. ನಮಗೆ ದಾರಿ ತೋರಿಸಲು ಬಿಷ್ಣು ಎಂಬವನು ಬಂದ. ಮೂವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಈರಪ್ಪನ ಕಣ್ಣಿನ ಸುದ್ದಿ ಅವನಿಗೆ ಹೇಳಬಾರದೆಂದು ಈರಪ್ಪ ನಮಗೆ ಕಟ್ಟಪ್ಪಣೆ ಮಾಡಿದ್ದ. ಗೊತ್ತಾದರೆ ಜೀಪಿನಲ್ಲಿ ಕೂರಿಸುತ್ತಾರೆಂಬ ಭಯ. ನಾನು "ಅಣ್ಣಾ, ಇವತ್ತ ನೀ ಮುಂದ ನಡಿ," ಎಂದೆ. "ಮಾಸ್ತರ, ನಾ ಮುಂದ ಹೋದ್ರ ಹಿಂದ ಯಾರು?" ಎಂದ. ಬಿಷ್ಣು ಹಿಂದಿಯಲ್ಲಿ, ಹಿಂದೆ ಬರುವುದು ತನ್ನ ಕೆಲಸ, ಎಲ್ಲರೂ ಮುಂದೆ ನಡೆಯಿರಿ ಎಂದ. ಈರಪ್ಪ ತನ್ನ ಹುಬ್ಬಳ್ಳಿ ಪೇಟೆಯ ಹಿಂದಿಯಲ್ಲಿ "ತುಮ್ ಆಗೇ ಚಲೋ," ಎಂದ. ಅವನು ನಿಂತರೆ ಇವನೂ ನಿಂತ. ಇವನು ಬೂಟಿನ ದಾರ ಕಟ್ಟಲು ಬಗ್ಗಿದರೆ ಅವನೂ ಬಗ್ಗಿದ. ಆ ಗಾಳಿಯಲ್ಲಿ ಇಬ್ಬರು ದೊಡ್ಡ ಮನುಷ್ಯರು ಕಡೆಯ ಸ್ಥಾನಕ್ಕೆ ಹಟ ಹಿಡಿದು ನಿಂತದ್ದನ್ನು ನೋಡಿ ಗಂಗಾಧರ, "ಮೊದಲ ಬರಾಕ ಜಗಳಾ ಆಡೂ ಮಂದೀನ ಕಂಡೇನಿ, ಕಡೀಕ ಬರಾಕ ಜಗಳಾ ಆಡೂ ಮಂದೀನ ಇವತ್ತ ಕಂಡ್ನಿ," ಎಂದ. ಕೊನೆಗೆ ಇಬ್ಬರೂ ಹಿಂದೆ ಉಳಿಯಲು ಹೋಗಿ ಜೊತೆಜೊತೆಯಾಗಿಯೇ ಬಂದರು.

ಅದೇ ದಿನ ನಮ್ಮ ಮರ್ಯಾದೆ ಇನ್ನೊಮ್ಮೆ ಹೋಯಿತು. ಎರೆಭೂಮಿಯಲ್ಲಿ ಹುಟ್ಟಿದವರಿಗೆ ಒಂದು ರೂಢಿಯಿದೆ. ಮಳೆಯಾದ ಮೇಲೆ ನಮ್ಮ ಕರಿ ಮಣ್ಣಿನ ದಾರಿಯಲ್ಲಿ ಸೈಕಲ್ ಹತ್ತು ಮಾರು ಸಾಗುವುದಿಲ್ಲ. ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನಲ್ಲಿ ಸಿಕ್ಕಿ, ತಿರುಗುವುದೇ ನಿಲ್ಲುತ್ತದೆ. ಆಮೇಲೆ ಕಟ್ಟಿಗೆ ಹಿಡಿದು ಕೆರೆಯುತ್ತ ಕೂರಬೇಕು. ಅದಕ್ಕೇ ಕರಿ ಕೆಸರು ಕಂಡ ಕೂಡಲೇ ನಾವು ಇಳಿದು ಸೈಕಲ್ಲನ್ನು ಹೆಗಲಿಗೇರಿಸುತ್ತೇವೆ. ಶಾಲೆಗೆ ಹೋಗುವಾಗ ಸೈಕಲ್ ನನ್ನನ್ನು ಹೊತ್ತದ್ದಕ್ಕಿಂತ ನಾನು ಸೈಕಲ್ಲನ್ನು ಹೊತ್ತದ್ದೇ ಹೆಚ್ಚಿರಬೇಕು. ಕಾಳಿ ಗಂಡಕಿಯ ಪಾತ್ರದಲ್ಲಿ ಒಂದು ಕಡೆ ನೀರು ಹರಿದು ಹಸಿ ಕಪ್ಪು ನೆಲ ಹೊಳೆಯುತ್ತಿತ್ತು. ಗಂಗಾಧರ ಇಳಿದ, ನಾನು ಇಳಿದೆ, ಈರಪ್ಪನೂ ಇಳಿದ. ಮೂವರೂ ಸೈಕಲ್ ಹೊತ್ತು ಸಾಲಾಗಿ ಏದುತ್ತ ನಡೆದೆವು. ಬಿಷ್ಣು ಬಹಳ ಹೊತ್ತು ಗೌರವದಿಂದ ನೋಡಿ, ಇದು ಮೇಲಿನ ಗುಡಿಯ ಮುಕ್ತಿನಾಥನಿಗೆ ಹೊತ್ತ ಹರಕೆಯೇ ಎಂದು ಕೇಳಿದ. ಅಲ್ಲವೆಂದೆವು. ಆಗ ಅವನು ಅದೇ ನೆಲದ ಮೇಲೆ ಸೈಕಲ್ ಹತ್ತಿ ಹೋಗಿ ತೋರಿಸಿದ. ಗಾಲಿಗೆ ಏನೂ ಅಂಟಲಿಲ್ಲ. ಅದು ಕರಿ ಉಸುಕು, ಮಣ್ಣೇ ಅಲ್ಲ. "ಮಾಸ್ತರ, ಇದನ್ನ ಬೈಲಹೊಂಗಲದಾಗ ಎಲ್ಲೂ ಬಾಯಿ ಬಿಡಬ್ಯಾಡ್ರಿ," ಎಂದ ಗಂಗಾಧರ.

ಸಂಜೆ ಕಾಗಬೇನಿ ಎಂಬ ಹಳ್ಳಿಯ ವಸತಿಯಲ್ಲಿ ಒಲೆಯ ಸುತ್ತ ಕೂತು ಶಾಂತಕ್ಕನ ರೊಟ್ಟಿ ಬಿಚ್ಚಿದೆವು. ಬಿಷ್ಣು ರೊಟ್ಟಿಯನ್ನು ಮುರಿದು ಕಟಕಟ ತಿನ್ನುತ್ತ, ತನ್ನ ಅಪ್ಪ ಇದೇ ದಾರಿಯಲ್ಲಿ ಹೇಸರಗತ್ತೆಗಳ ಸಾಲು ಹೊಡೆಯುತ್ತಿದ್ದ ಎಂದ. ಅಪ್ಪ ಎಲ್ಲಿ ನಡೆಯುತ್ತಿದ್ದ ಎಂದು ಈರಪ್ಪ ಕೇಳಿದ. ಕಡೆಗೆ ಎಂದ ಬಿಷ್ಣು. ಈರಪ್ಪ ನೆಟ್ಟಗೆ ಕೂತ. ಹುಡುಗಿ ನೋಡಲು ಬಂದ ಬೀಗರಂತೆ ಪ್ರಶ್ನೆ ಶುರುವಾದವು. ಹಿಂದಿನವನು ಏನು ನೋಡಬೇಕು? ನಡಿಗೆ ನೋಡಬೇಕು ಎಂದ ಬಿಷ್ಣು. ಪ್ರಾಣಿ ಬೀಳುವ ಮೊದಲು ಅದರ ನಡಿಗೆ ಕೆಡುತ್ತದೆ, ಅದು ಹಿಂದಿನವನಿಗೆ ಮಾತ್ರ ಕಾಣುತ್ತದೆ.

"ಎತ್ತಿಂದೂ ಹಂಗ ಐತಿ ನೋಡ್ರಿ," ಎಂದ ಈರಪ್ಪ ನಮ್ಮ ಕಡೆ ತಿರುಗಿ. ಆಮೇಲೆ ಬಿಷ್ಣುವಿಗೆ, ಇವತ್ತು ನಮ್ಮ ಮೂವರಲ್ಲಿ ಯಾರ ನಡಿಗೆ ಕೆಟ್ಟಿದೆ ಎಂದು ಕೇಳಿದ.

ನಿಮ್ಮದು ಎಂದ ಬಿಷ್ಣು. ಎಡಗಡೆಯ ಕಲ್ಲು ನಿಮಗೆ ಕಾಣುವುದಿಲ್ಲ.

ನಾವು ಯಾರೂ ಹೇಳಿರಲಿಲ್ಲ. ನಾಳೆ ಜೀಪೇ ಗತಿ, ಶಾಂತಕ್ಕನಿಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಈರಪ್ಪ ರೊಟ್ಟಿಯ ಚೂರುಗಳನ್ನು ಕೂಡಿಸಿ ಬಾಯಿಗೆ ಹಾಕಿಕೊಂಡ. ಆಮೇಲೆ ತಾನೇ ಎಲ್ಲವನ್ನೂ ಹೇಳಿದ. ಬಿಷ್ಣು ಒಲೆಗೆ ಇನ್ನೊಂದು ಕಟ್ಟಿಗೆ ಸೇರಿಸಿದ. ನಾಳೆ ಕಾಲುದಾರಿ ಬೇಡ, ಮುಕ್ತಿನಾಥದಿಂದ ಅಗಲ ರಸ್ತೆಯಲ್ಲೇ ಇಳಿಯೋಣ, ಎಡಗಡೆ ವಕೀಲರು ಬರಲಿ, ಹಿಂದೆ ನಾನಿರುತ್ತೇನೆ, ಆದರೆ ಎಲ್ಲರ ಮುಂದೆ ನೀವೇ ಇರಬೇಕು ಎಂದ.

"ಈ ಮನಷ್ಯಾ ಖರೇ ಅದಾನ್ರಿ," ಎಂದ ಈರಪ್ಪ. "ಇಂವಾ ಹಿಂದ ಬರ್ಲಿ."

ಮರುದಿನ ಸೈಕಲ್‌ಗಳನ್ನು ಜೀಪಿನ ಮೇಲೆ ಹಾಕಿ ಮುಕ್ತಿನಾಥಕ್ಕೆ ಹೋದೆವು, ಗುಡಿಗೆ ಕೈಮುಗಿದೆವು. ಅಲ್ಲಿಂದ ಇಳಿಜಾರು. ಈರಪ್ಪ ಮುಂದೆ ನಿಂತ. ಎರಡು ಸಲ ಹಿಂದೆ ತಿರುಗಿ ನೋಡಿದ. ಬಿಷ್ಣು ಕೈ ಎತ್ತಿದ ಮೇಲೆ ಬ್ರೇಕ್ ಬಿಟ್ಟ. ಅಷ್ಟು ವರ್ಷ ಜೊತೆಗೆ ತಿರುಗಿದರೂ ಅವನ ಬೆನ್ನು ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ, ಆವತ್ತೇ ನೋಡಿದ್ದು. ಗಂಗಾಧರ ಎಡಗಡೆಯಿಂದ "ಅಣ್ಣಾ, ಬಲಕ್ಕ... ನೆಟ್ಟಗ... ಬಲಕ್ಕ" ಎನ್ನುತ್ತ, ಜೀವನದಲ್ಲಿ ಮೊದಲ ಸಲ ಒಬ್ಬರನ್ನು ಮುಂದೆ ಬಿಟ್ಟು ಬರುತ್ತಿದ್ದ. ಒಂದೂ ಗಿಡವಿಲ್ಲದ ಕಂದು ಗುಡ್ಡಗಳು, ಅವುಗಳ ಮೇಲೆ ಬಿಳಿ ಶಿಖರ. ಗಾಳಿಗೆ ಈರಪ್ಪನ ಅಂಗಿ ಬುರ್ರೆನ್ನುತ್ತಿತ್ತು. ನನಗೆ ಗುಡ್ಡಕ್ಕಿಂತ ಅವನ ಚಿಂತೆಯೇ ಹೆಚ್ಚಾಗಿತ್ತು.

ಒಂದು ತಿರುವಿನಲ್ಲಿ ಅವನು ನಿಂತ. ಬಿದ್ದನೇ ಎಂದು ಓಡಿಬಂದೆವು. ಬಿದ್ದಿರಲಿಲ್ಲ. ಸೈಕಲ್ ಕಾಲ ನಡುವೆ ಹಿಡಿದು ಇಡೀ ತಲೆಯನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸುತ್ತ, ಆ ಬಿಳಿ ಸಾಲನ್ನು ತುಂಡು ತುಂಡಾಗಿ ನೋಡುತ್ತಿದ್ದ.

"ಮಾಸ್ತರ, ಎದರಿಗೆ ಯಾರೂ ಇಲ್ಲಲ್ರಿ," ಎಂದ. ನನಗೆ ಅಳು ತಡೆಯಲಾಗಲಿಲ್ಲ. ಗಂಗಾಧರ ಮೂಗು ಒರೆಸಿಕೊಂಡು ಥಂಡಿಯನ್ನು ಬೈದ. ಬಿಷ್ಣು ಮಾತ್ರ ದೂರದಲ್ಲೇ, ನಮ್ಮ ಹಿಂದೆ ನಿಂತಿದ್ದ.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಈಗ ಈರಪ್ಪನಿಗೆ ಎದುರಿನದೂ ಮಸುಕು. ಬೆಳಕು, ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಭಾನುವಾರದ ಸವಾರಿ ನಿಂತಿಲ್ಲ. ಹೊಸಬರು ಮೂರು ನಾಲ್ಕು ಮಂದಿ ಸೇರಿದ್ದಾರೆ. ಗಂಗಾಧರ ಈಗಲೂ ಮುಂದೆ. ಕಡೆಯಲ್ಲಿ ನಾನು. ನನ್ನನ್ನು ಆ ಜಾಗಕ್ಕೆ ಆರಿಸಿದ್ದು ನನ್ನ ಹೊಟ್ಟೆ ಎಂದು ಅವನು ಹೇಳುತ್ತಾನೆ. ಇರಲಿ. ಈರಪ್ಪ ಊರ ಹೊರಗಿನ ಚಹಾದಂಗಡಿಯ ಬೆಂಚಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತು, ಹೋದವರು ಬರುವವರೆಗೆ ಕಾಯುತ್ತಾನೆ. ಬಂದವರು ಬಂದವರು ಹೆಸರು ಹೇಳಿ ಮುಂದೆ ಹೋಗುತ್ತಾರೆ.

ಹೋದ ಭಾನುವಾರ ನವಿಲುತೀರ್ಥದ ದಾರಿಯಲ್ಲಿ ನನ್ನ ಟೈರ್ ಪಂಕ್ಚರ್ ಆಯಿತು. ನಾನು ಕಡೆಯವನು, ನನ್ನ ಹಿಂದೆ ಯಾರಿರುತ್ತಾರೆ? ಒಬ್ಬನೇ ಕೂತು ತಿದ್ದಿಕೊಂಡು ಬರುವಷ್ಟರಲ್ಲಿ ಬಿಸಿಲು ನೆತ್ತಿಗೆ ಏರಿತ್ತು. ಉಳಿದವರು ಮನೆಗೆ ಹೋಗಿ ಊಟ ಮಾಡಿರಬೇಕು. ಅಂಗಡಿಯವನು ಒಲೆ ಆರಿಸಿ ಪಾತ್ರೆ ತೊಳೆಯುತ್ತಿದ್ದ. ಬೆಂಚಿನ ಮೇಲೆ ಈರಪ್ಪ ಇದ್ದ.

"ಯಾರು? ಮಾಸ್ತರೇನು?"

"ಹೌದಣ್ಣಾ."

"ಹಿಂದ ಯಾರರ ಅದಾರೇನ್ರಿ?"

"ಯಾರೂ ಇಲ್ಲ. ನಾನ ಕಡೀಂವ."

ಅವನು ಎದ್ದು ಧೋತರ ಜಾಡಿಸಿಕೊಂಡ. ನಾನು ಸೈಕಲ್ ತಳ್ಳಿಕೊಂಡು ಪಕ್ಕಕ್ಕೆ ಬಂದು, ಹ್ಯಾಂಡಲ್ ಹಿಡಿದುಕೊಳ್ಳಲಿ ಎಂದು ಅವನ ಕೈ ಹಿಡಿದೆ. ಅವನು ಕೈ ಬಿಡಿಸಿಕೊಂಡು, ತಡವರಿಸುತ್ತ ಹಿಂದೆ ಸರಿದು ಸೀಟು ಹುಡುಕಿ ಹಿಡಿದುಕೊಂಡ.

"ಹಗುರಕ ನಡೀರಿ ಮಾಸ್ತರ," ಎಂದ. "ನಾ ಹಿಂದ ಅದೇನಿ."