ಕೊಟ್ರಪ್ಪ ಮಾಸ್ತರರ ಸಾಲಿ ಮುಚ್ಚಿಸಿದ ಹಾಡು

ಕೊಟ್ರಪ್ಪ ಮಾಸ್ತರರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ನನಗೆ ಬರುವ ನಾಲ್ಕು ಅಕ್ಷರ ಅವರು ಕಲಿಸಿದ್ದು. ಅವರ ಸಾಲಿ ಮುಚ್ಚಿದ್ದು ನನ್ನಿಂದ. ಬರೆಯುವವರು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ನಾನೇ ಕೂತಿದ್ದೇನೆ.

ಅವರು ಯಲಬುರ್ಗಾ ಸೀಮೆಯವರೇ. ಹದಿನೆಂಟರ ವಯಸ್ಸಿನಲ್ಲಿ ಅಪ್ಪನ ಜೊತೆ ಜಗಳಾಡಿ ಬಳ್ಳಾರಿಗೆ ಓಡಿಹೋಗಿ ಇಂಗ್ರೇಜಿ ಪಲ್ಟಣ ಸೇರಿದರು. ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಅರಬರ ದೇಶದ ಬಸರಾ ಕಡೆ ಹೋದರು. ತಿರುಗಿ ಬರುವಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಮದುವೆಯಾಗಲಿಲ್ಲ. ಹತ್ತಾರು ವರ್ಷ ಎಲ್ಲೆಲ್ಲೋ ತಿರುಗಿ ೧೯೩೩ರ ಸುಮಾರಿಗೆ ಬೇವೂರಿನ ಹತ್ತಿರದ ನಮ್ಮೂರಿಗೆ ಬಂದು ಮಠದ ಪಡಸಾಲೆಯಲ್ಲಿ ಕನ್ನಡ ಸಾಲಿ ತೆರೆದರು. ಅದು ನಿಜಾಮರ ಕಾಲ. ಸರಕಾರಿ ಸಾಲಿ ದೂರ, ಅಲ್ಲಿ ಕಲಿಸುವುದು ಉರ್ದು. ಮಾಸ್ತರರಿಗೆ ಪಗಾರ ಅಂತ ಏನೂ ಇರಲಿಲ್ಲ. ಮನೆಗೊಂದು ದಿನದಂತೆ ಪಾಳಿಯಲ್ಲಿ ರೊಟ್ಟಿ ಹೋಗುತ್ತಿತ್ತು. ಅಷ್ಟೇ.

ಕಂಬಳಿಯನ್ನು ಇಟ್ಟಿಗೆಯ ಹಾಗೆ ಮಡಚುತ್ತಿದ್ದರು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದರು. ಹೊಡೆದದ್ದು ನಾನು ಕಂಡಿಲ್ಲ. ತಪ್ಪು ಮಾಡಿದವನು ಅಂಗಳದ ಬೇವಿನ ಗಿಡಕ್ಕೆ ಸಲಾಮು ಹೊಡೆದು ಬರಬೇಕು. ಉಳಿದವರು ನಕ್ಕು ನಕ್ಕು ಸಾಯುತ್ತಿದ್ದರು.

ಸಂಜೆ ದೊಡ್ಡವರು ಬರುವ ಹೊತ್ತು. ಗಂಡ ಹೆಂಡಿರ ಜಗಳ, ಅಣ್ಣ ತಮ್ಮಂದಿರ ಮುನಿಸು, ಮಕ್ಕಳಿಲ್ಲದ ಸಂಕಟ, ಏನಿದ್ದರೂ ಅವರ ಹತ್ತಿರ. ಮಾಸ್ತರರು ಪುಂಡಿ ನಾರಿನ ಹಗ್ಗ ಹೊಸೆಯುತ್ತ ಕೇಳುತ್ತಿದ್ದರು. ಕಣ್ಣು ಹಗ್ಗದ ಮೇಲೆ. ಮುಖ ನೋಡಿದರೆ ಮಾತಾಡುವವರು ತಡವರಿಸುತ್ತಾರೆ ಎಂದು ಅವರಿಗೆ ತಿಳಿದಿತ್ತು. ಎಲ್ಲ ಹೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ: "ಇನ್ನೇನರ ಉಳೀತೇನು?" ಆಗ ನಿಜವಾದ ಮಾತು ಹೊರಗೆ ಬೀಳುತ್ತಿತ್ತು. ಅವರ ಕಿವಿಗೆ ಬಿದ್ದದ್ದು ಊರಿಗೆ ಒಮ್ಮೆಯೂ ತಿಳಿಯಲಿಲ್ಲ.

ನಾನು ಹೋದದ್ದು ೧೯೩೭ರಲ್ಲಿ. ಹುಲಿಹೈದರದ ಗಂಡನ ಮನೆಯಿಂದ ತವರಿಗೆ ಬಂದು ಕುಳಿತಿದ್ದೆ. ಮೂರು ತಿಂಗಳ ಕೂಸು ಹೋಗಿತ್ತು. ಬಾಲಗ್ರಹ ಬಡಿಯಿತೆಂದು ಎಲ್ಲರೂ ನಂಬಿದ್ದರು. ಹಾಗಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಮೊಲೆ ಕೊಡುತ್ತಾ ನಿದ್ದೆ ಹತ್ತಿ ಕೂಸಿನ ಮೇಲೆ ಮಗ್ಗಲು ಹೊರಳಿದ್ದೆ. ಎರಡು ಸಲ ಬಾವಿಯ ಮೆಟ್ಟಿಲು ಇಳಿದು ತಿರುಗಿ ಹತ್ತಿದ್ದೆ. ಅದನ್ನೂ ಮಾಸ್ತರರಿಗೆ ಹೇಳಿದೆ.

ಹಗ್ಗ ಹೊಸೆಯುವ ಕೈ ನಿಂತಿತು. ಆವತ್ತು ಮಾತ್ರ ನನ್ನ ಮುಖ ನೋಡಿದರು.

"ಪಾರವ್ವಾ, ಬಸರಾದಿಂದ ಆ ಕಡೆ ವೈರಿಗಳು ನಮ್ಮನ್ನ ಐದ ತಿಂಗಳ ಸುತ್ತಗಟ್ಟಿದ್ರು. ಕಾಳು ತೀರಿತು. ನಮ್ಮ ಪಲ್ಟಣದ ಕುದುರಿ ಕಡಿದು ಕೊಟ್ರು. ಬ್ಯಾಡ ಅಂದು ನನ್ನ ಮಗ್ಗಲದಾಗ ಮಲಕ್ಕೊಂಡವರು ಮತ್ತ ಏಳಲಿಲ್ಲ. ನಾ ಉಂಡೆ. ಲಿಂಗ ಕೊರಳಾಗಿತ್ತು, ಉಂಡೆ. ಊರಿಗೆ ಬಂದ ಮ್ಯಾಲೆ ಎಷ್ಟೋ ವರ್ಷ ನಾನೂ ಬಾವಿ ನೋಡೀನಿ. ಬದುಕಿದ್ದು ತಪ್ಪಲ್ಲವ್ವಾ. ಉಳದವರು ಏನರ ಮಾಡಬೇಕಾಗಿರತೈತಿ, ಅದಕ್ಕ ಉಳದಿರತೀವಿ."

ನಾವು ಲಿಂಗ ಕಟ್ಟಿದ ಮಂದಿ. ಮಾಂಸ ಬೇಯುವ ಓಣಿಯಲ್ಲಿ ನೀರು ಸಹ ಕುಡಿಯುವವರಲ್ಲ. ಇಪ್ಪತ್ತು ವರ್ಷ ಮುಚ್ಚಿಟ್ಟ ಮಾತನ್ನು ನನ್ನ ಜೀವ ಹಿಡಿದು ನಿಲ್ಲಿಸಲು ತೆಗೆದರು. ಮರುದಿನದಿಂದ ನಾನು ಉಂಡೆ. ಅಣ್ಣನ ಮಗಳು ಹುಲಿಗೆವ್ವನನ್ನು ಸಾಲಿಗೆ ಕರೆದೊಯ್ದು, ಕಂಬದ ಮರೆಯಲ್ಲಿ ಕೂತು ನಾನೂ ಅಕ್ಷರ ತಿದ್ದಿದೆ.

ನನಗೊಂದು ಹೆಮ್ಮೆಯಿತ್ತು. ಬೀಸುವ ಕಲ್ಲಿನ ಮುಂದೆ ಕೂತರೆ ಆಗಿಂದಾಗಲೇ ಪದ ಕಟ್ಟುತ್ತಿದ್ದೆ. ಬೆಳಗಿನ ಜಾವ ಇಬ್ಬರು ಹೆಂಗಸರು ಒಂದೇ ಗೂಟ ಹಿಡಿದು ಬೀಸುವಾಗ ಊರಿನ ಸುದ್ದಿಯೆಲ್ಲ ಹಾಡಿಗೆ ಬರುತ್ತಿತ್ತು. ಯಾರ ಪದ ಚಂದವೋ ಅವರಿಗೆ ಮಾನ. ಒಂದು ಬೆಳಗ್ಗೆ ನನ್ನೆದುರು ಕೂತು ಬೀಸುತ್ತಿದ್ದ ನೆರೆಮನೆಯ ಕಳಕಮ್ಮ ಚುಚ್ಚಿದಳು:

"ನಿಮ್ಮ ಮಾಸ್ತರ ಎಂಥಾ ಸಿಪಾಯಿ ಬೇ? ಒಂದ ಕೋಳಿ ಕೂಗಿದ್ರ ಬೆಚ್ಚಿ ಎದ್ದು ಕೂಡತಾನ. ಲಡಾಯಿದಾಗ ಅಡಗಿ ಪಾತ್ರಿ ತಿಕ್ಕಿರಬೇಕ ನೋಡು."

"ಬಾಯಿ ಮುಚ್ಚ ಯಕ್ಕಾ. ನಿನಗೇನ ಗೊತ್ತು?"

"ನಿನಗ ಗೊತ್ತಿದ್ರ ಹಾಡು ಬೇ. ಕಲ್ಲ ಸುಮ್ನ ತಿರಗಾಕತ್ತೈತಿ."

ನಾನು ಹಾಡಿದೆ.

ಕಡಲಾಚೆ ಹೋದಾನ ಕುದುರೀಯ ಉಂಡಾನ
ಹಸಿವೀನ ಗೆದ್ದು ಬಂದಾನ, ನಮ್ಮೂರ
ಮಕ್ಕಳ ಕೈಯ ಹಿಡಿದಾನ.

ಹೊಗಳಬೇಕೆಂದೇ ಕಟ್ಟಿದ್ದು. ಆದರೆ ಪದ ಚಂದ ಬಂತಲ್ಲ ಎಂಬ ಖುಷಿಯಲ್ಲಿ ಕಳಕಮ್ಮ ಇನ್ನೊಮ್ಮೆ ಅನ್ನು ಎಂದಾಗ ಮತ್ತೆ ಹಾಡಿದೆ, ಮೂರನೆಯ ಸಲವೂ ಹಾಡಿದೆ. ಅವಳ ಕಣ್ಣು ಅಗಲವಾದದ್ದನ್ನು ನೋಡಿದ ಮೇಲೆ ಕಲ್ಲು ನಿಲ್ಲಿಸಿದೆ. "ಯಾರಿಗೂ ಹೇಳಬ್ಯಾಡ" ಅಂದೆ. ಬೀಸುವ ಹಾಡಿಗೆ ಹಾಗೆ ಹೇಳುವುದುಂಟೇ? ಕಲ್ಲಿನಿಂದ ಕಲ್ಲಿಗೆ ಹೋಯಿತು. ಎಂಟು ದಿನದಲ್ಲಿ ಹುಡುಗರು ಮಠದ ಮೆಟ್ಟಿಲ ಮೇಲೆ ಕುದುರೆಯ ಹಾಗೆ ಕೆನೆಯುತ್ತ ಅದನ್ನು ಹಾಡುತ್ತಿದ್ದರು. ಪಾಳಿಯ ಮನೆಗಳಿಂದ ರೊಟ್ಟಿ ನಿಂತಿತು.

ಸೋಮವಾರ ಮಠದ ಅಂಗಳದಲ್ಲಿ ಊರು ಸೇರಿತು. ನಾವು ಹೆಂಗಸರು ಕಂಬಗಳ ಹಿಂದೆ. ಊರ ಹಿರಿಯ ಅಮರಪ್ಪ ಗೌಡರಿಗೆ ಮಾಸ್ತರರ ಮೇಲೆ ಪ್ರೀತಿಯಿತ್ತು.

"ಹೆಂಗಸರು ಏನೇನರ ಹಾಡತಾವ್ರಿ ಮಾಸ್ತರ. ಸುಳ್ಳ ಅಂದ ಬಿಡ್ರಿ, ಮುಗೀತು. ಕಟ್ಟಿದಾಕಿನ್ನ ಹುಡುಕಿ ನಾಕ ಮಾತ ಬೈದು ಕಳಸತೀವಿ."

"ಸುಳ್ಳಲ್ರಿ ಗೌಡ್ರ. ಉಂಡೀನಿ."

ಹಿಂದಿನಿಂದ ಯಾರೋ ಕೇಳಿದರು: "ಲಾಳ ಬಿಟ್ಟು ಉಂಡ್ರೋ, ಕೂಡೇ ಉಂಡ್ರೋ?" ನಗೆ ಎದ್ದಿತು. ಮಾಸ್ತರರೂ ನಕ್ಕರು. "ಲಾಳ ಸರಕಾರದ್ದಪಾ, ವಾಪಸ ಕೊಟ್ವಿ" ಅಂದರು.

ಮಠದ ಸ್ವಾಮಿಗಳಾದ ಅಜ್ಜನವರು ಕೈಯೆತ್ತಿ ಸುಮ್ಮನಾಗಿಸಿದರು. "ಮತ್ತ ದೀಕ್ಷಾ ಕೊಡತೀನಿ ಕೊಟ್ರಪ್ಪಾ. ಸಾಲಿ ನಡೀಲಿ. ನೀ ಒಂದ ಮಾತ ಅನ್ನು. ಉಂಡು ಉಳಿಯೂದಕಿಂತ ಸಾಯೂದ ಛಲೋ ಇತ್ತು, ಉಳದದ್ದು ತಪ್ಪಾತು ಅಂತ ಎಲ್ಲಾರ ಮುಂದ ಅನ್ನು."

ಎಷ್ಟು ಸಣ್ಣ ಮಾತು! ಅನ್ನುತ್ತಾರೆ, ಸಾಲಿ ಉಳಿಯುತ್ತದೆ ಎಂದು ನಾನು ಉಸಿರು ಬಿಟ್ಟೆ.

"ದೀಕ್ಷಾ ತಗೋತೀನ್ರಿ ಅಜ್ಜಾರ. ಆ ಮಾತ ಮಾತ್ರ ನನ್ನ ಬಾಯಾಗ ಬರಂಗಿಲ್ಲ."

"ಸೊಕ್ಕೇನು?"

"ಸೊಕ್ಕಲ್ರಿ. ಉಳದದ್ದು ತಪ್ಪಂತ ನಾ ಅಂದ್ರ, ಅದನ್ನ ಖರೇ ಅಂತ ತಿಳಕೊಂಡು ಹೋಗವರು ಈ ಅಂಗಳದಾಗ ಯಾರರ ಇರತಾರ."

ಅವರು ಕಂಬಗಳ ಕಡೆ ತಿರುಗಲಿಲ್ಲ. ತಿರುಗದೇ ಇದ್ದದ್ದರಿಂದಲೇ ನನಗೆ ತಿಳಿಯಿತು. ಆ ಮಾತು ಅವರ ಬಾಯಿಂದ ಬರದೇ ಉಳಿದದ್ದು ನನಗಾಗಿ. ನಾನು ಎದ್ದು ನಿಂತು, ಹಾಡು ನನ್ನದು, ನನ್ನ ಜೀವ ಉಳಿಸಲು ಹೇಳಿದ್ದನ್ನು ನಾನು ಮಾರಿಕೊಂಡೆ ಎನ್ನಬೇಕಿತ್ತು. ಹಾಗಂದರೆ ಯಾಕೆ ಹೇಳಿದರು ಎಂದು ಕೇಳುತ್ತಾರೆ, ಕೂಸಿನ ಮಾತು ಬರುತ್ತದೆ. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಪಕ್ಕದಲ್ಲಿದ್ದ ಕಳಕಮ್ಮ ಒಮ್ಮೆ ನನ್ನನ್ನು ನೋಡಿದಳು. ಅವಳೂ ಬಾಯಿ ಬಿಡಲಿಲ್ಲ.

ಸಾಲಿ ಮುಚ್ಚಬೇಕೆಂದು ಅಜ್ಜನವರು ಹೇಳಿದರು. ಮರುದಿನ ಮಾಸ್ತರರು ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆದುಕೊಂಡೇ ಕನಕಗಿರಿಗೆ ಹೋದರು. ಅವರ ಪಲ್ಟಣದಲ್ಲೇ ಇದ್ದ ಅಬ್ದುಲಸಾಬ ಅಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದ. ಅವನ ಗಾಡಿಖಾನೆಯ ಒಂದು ಮೂಲೆಯಲ್ಲಿ ಮತ್ತೆ ಸಾಲಿ.

ಗಂಡನ ಮನೆಗೆ ನಾನು ತಿರುಗಿ ಹೋದೆ. ೧೯೪೨ರಲ್ಲಿ, ಕಂಕುಳಲ್ಲಿ ಎರಡನೆಯ ಮಗನನ್ನು ಎತ್ತಿಕೊಂಡು ಕನಕಗಿರಿ ಸಂತೆಗೆ ಹೋದವಳು ಆ ಗಾಡಿಖಾನೆ ಹುಡುಕಿದೆ. ಮಾಸ್ತರರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗನ ಉಗುರು ನೋಡಿ, "ಇಂವ ಪಾಸ್" ಅಂದರು.

"ಮಾಸ್ತರ, ಆ ಹಾಡ ಕಟ್ಟಿದಾಕಿ ನಾನ್ರಿ."

"ಗೊತ್ತೈತಿ. ಕಳಕಮ್ಮಗ ಅಷ್ಟ ಛಲೋ ಬರೂದಿಲ್ಲ."

ನಾನು ಅತ್ತೆ. ಮಾಫಿ ಮಾಡ್ರಿ ಎಂದು ಕಾಲು ಹಿಡಿದೆ. ಅವರು ಕಾಲು ಹಿಂದೆಳೆದುಕೊಂಡರು.

"ನಂದೇನ ಹೋತವ್ವಾ? ನನಗ ಇಲ್ಲೂ ಹುಡುಗರು ಸಿಕ್ಯಾರ. ಅಲ್ಲಿ ಸಾಲಿ ಮುಚ್ಚಿ ನಾಕ ವರ್ಷಾತು. ನೀ ತವರಿಗೆ ಹೋದಾಗ ಗೌಡ್ರ ಮುಂದ ಖರೇ ಹೇಳು. ಕೂಸಿನ ಮಾತ ಬ್ಯಾಡ. ಸಾಯಾಕ ನಿಂತಾಕಿನ್ನ ನಿಲ್ಲಸಾಕ ಹೇಳಿದ್ರು ಅಂತ ಅಷ್ಟ ಹೇಳು. ಕರದ್ರ ನಾ ನಾಳೇನ ಬರತೀನಿ."

ಆ ವರ್ಷ ಪಂಚಮಿಗೆ ತವರಿಗೆ ಹೋದೆ. ಗೌಡರ ಬಾಗಿಲವರೆಗೆ ಹೋದೆ. ಪಡಸಾಲೆಯಲ್ಲಿ ಮಂದಿ ಕೂತಿದ್ದರು. "ಯಾಕ ಬಂದೆವ್ವಾ?" ಎಂದು ಗೌಡರು ಕೇಳಿದರು. "ಸುಮ್ನ್ರೀ, ಎಲ್ಲಾರನ್ನೂ ನೋಡಿ ಹೋಗಾಕ" ಎಂದೆ. ಮುಂದಿನ ವರ್ಷವೂ ಹೇಳಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಕರೆ ಬರುತ್ತದೆಂದು ಮಾಸ್ತರರು ಕಾದಿದ್ದರೋ ಏನೋ. ೧೯೪೬ರ ಚಳಿಗಾಲದಲ್ಲಿ ಜ್ವರ ಬಂದು ಕನಕಗಿರಿಯಲ್ಲೇ ತೀರಿಕೊಂಡರು. ಅಬ್ದುಲಸಾಬನೇ ಓಡಾಡಿ ಅಲ್ಲಿಯ ಜಂಗಮರನ್ನು ಕರೆಸಿ ನಮ್ಮ ಮಂದಿಯ ಪದ್ಧತಿಯಂತೆ ಮಣ್ಣು ಮಾಡಿಸಿದನಂತೆ.

ನಮ್ಮೂರಿಗೆ ಮತ್ತೆ ಸಾಲಿ ಬಂದದ್ದು ನಿಜಾಮರ ರಾಜ್ಯ ಹೋದ ಮೇಲೆ. ಅಷ್ಟರಲ್ಲಿ ಹುಲಿಗೆವ್ವನನ್ನು ಮದುವೆ ಮಾಡಿ ಕೊಟ್ಟಾಗಿತ್ತು. ಮಾಸ್ತರರು ಊರು ಬಿಟ್ಟ ದಿನ ಅವಳಿಗೆ ಏಳರ ಮಗ್ಗಿ ಬಾಯಿಗೆ ಬಂದಿತ್ತು. ಎಂಟರದು ಅವಳಿಗೆ ಕೊನೆಯವರೆಗೂ ಬರಲಿಲ್ಲ.