ಹೊತ್ತು ಮುಳುಗುವ ಕಡೆಯ ಕೋಣೆ

ಬೀಳಗಿ ಹತ್ತಿರ ಹಿನ್ನೀರಿನ ದಂಡೆಯ ಈ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರದ ಪಾಲು ನಮ್ಮದೂ ಇದೆ. ಯಾವ ಕೋಣೆ ಎನ್ನುವುದು ಮಾತ್ರ ಬಂದಿಳಿದ ಮೇಲೆ ತೀರ್ಮಾನ. ಇಂದು ಸೂರ್ಯಾಸ್ತ ಕಾಣುವ ಕೋಣೆ ಒಂದೇ ಉಳಿದಿತ್ತು. ಕೌಂಟರಿನ ಮುಂದೆ ನಾನು, ನನ್ನ ಹೆಂಡತಿ. ಪಕ್ಕದಲ್ಲಿ ಮಗಳೊಂದಿಗೆ ತೇರದಾಳದಿಂದ ಬಂದ ಜೈನ ಅಜ್ಜಿ.

ಮ್ಯಾನೇಜರು ನ್ಯಾಯ ಬಗೆಹರಿಸಿದ. "ಅಮ್ಮಾರ, ನೀವು ಹೊತ್ತು ಮುಳುಗೂದ್ರೊಳಗ ಉಣ್ಣವ್ರು. ಆ ಹೊತ್ತಿಗೆ ಊಟದ ಹಾಲ್‌ನ್ಯಾಗ ಇರ್ತೀರಿ. ಈ ಖೋಲಿ ಇವರಿಗಿರಲಿ."

ನನ್ನ ಹೆಂಡತಿ ಆಗಲೇ ಕೀಲಿಗೆ ಕೈ ಚಾಚಿದ್ದಳು.

"ಅಲ್ಲೋ ತಮ್ಮಾ," ಅಜ್ಜಿ ಅಂದರು, "ಹೊತ್ತು ಮುಳುಗೂದು ಇವರಿಗೆ ಬರೇ ಚಂದ. ನನಗ ಅದು ಗಡಿಯಾರ. ನೋಡಿಕೋತ ಉಣ್ಣಬೇಕು."

ಹೆಂಡತಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಕೀಲಿ ಅಜ್ಜಿಗೆ ಹೋಯಿತು. ನಮಗೆ ಸಿಕ್ಕಿದ್ದು ಕಾರು ನಿಲ್ಲಿಸುವ ಬಯಲು ಕಾಣುವ ಕೋಣೆ. ಹೆಂಡತಿ ಮುಖ ಊದಿಸಿಕೊಂಡು ಕೂತಳು.

ಸಂಜೆ ಅಜ್ಜಿಯ ಮಗಳು ಬಾಗಿಲು ಬಡಿದರು. "ಅವ್ವ ಊಟಕ್ಕ ಕರಿಯಾಕತ್ತಾಳ್ರಿ, ಲಗೂ ಬರ್ರಿ."

ಅವರ ಬಾಲ್ಕನಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎದುರಿಗೆ ಕೆಂಪಾದ ನೀರು. ಹೊಟ್ಟೆ ತುಂಬಿತೆಂದು ನಾನು ತಟ್ಟೆಗೆ ಕೈ ಅಡ್ಡ ಹಿಡಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ಸೂರ್ಯನನ್ನೊಮ್ಮೆ ನೋಡಿದರು.

"ಇನ್ನಾ ಅರ್ಧಾ ರೊಟ್ಟಿಯಷ್ಟು ಐತಿ. ಉಣ್ರಿ."