ಸತ್ತ ರಾಜ ಎದ್ದು ಹಾಡಿದ್ದು

ದೊಡ್ಡಬೆಳವಂಗಲದ ನಮ್ಮ ಪೌರಾಣಿಕ ನಾಟಕದಲ್ಲಿ ರಾಜನಾಗಿದ್ದ ನಾನು ಯುದ್ಧದಲ್ಲಿ ಸತ್ತು ಬಿದ್ದಿದ್ದೆ. ಸಾಯುವ ಮೊದಲು ಹಾಡಿದ ಹಾಡಿಗೆ ಜನ 'ಒನ್ಸ್ ಮೋರ್' ಅಂತ ಕೂಗತೊಡಗಿದರು. ನಾನು ಕೆಲಸ ಮಾಡುವ ಡೇರಿಗೆ ದಿನಾ ಹಾಲು ತರುವ ಮುಖಗಳು, ಇಲ್ಲ ಅನ್ನೋದು ಹೇಗೆ? ಎದ್ದೆ, ಹಾಡಿದೆ, ಮತ್ತೆ ಸತ್ತೆ. ರಾಣಿಯ ಪಾತ್ರಕ್ಕೆ ಬೇರೆ ಊರಿಂದ ಕರೆಸಿದ್ದ ವೃತ್ತಿ ಕಲಾವಿದೆ ನನ್ನ ಎದೆಯ ಮೇಲೆ ಬಿದ್ದು ಅಳುತ್ತಲೇ, "ಹವ್ಯಾಸಿಗಳ ಜೊತೆ ಇದೇ ಗೋಳು" ಎಂದು ಪಿಸುಗುಟ್ಟಿದರು. ಚುಚ್ಚಿದಂತಾಯಿತು.

ಬಣ್ಣ ಒರೆಸಿಕೊಳ್ಳುವಾಗ ಅವರೇ ಬಂದು ಪಕ್ಕದಲ್ಲಿ ಕೂತರು. "ಬೇಜಾರು ಮಾಡ್ಕೋಬೇಡಿ ಅಣ್ಣಾ. ನಾವು ಬೇಗ ಮುಗೀಲಿ ಅಂತ ಆಡ್ತೀವಿ, ನೀವು ಮುಗೀಲೇಬಾರ್ದು ಅಂತ ಆಡ್ತೀರ. ನಂಗೂ ಮೊದ್ಲು ಹಂಗೇ ಇತ್ತು."

ಮರುದಿನ ಡೇರಿಯಲ್ಲಿ ಹಾಲು ಅಳೆಯುವಾಗ ಸಾಲಿನ ಹಿಂದಿನಿಂದ ಯಾರೋ 'ಒನ್ಸ್ ಮೋರ್' ಅಂದರು. ಅಳತೆಯ ಪಾತ್ರೆ ಕೆಳಗಿಟ್ಟು ಹಾಡಿಯೇಬಿಟ್ಟೆ. ಹವ್ಯಾಸಿ ತಾನೇ ನಾನು.